ಬಾದಾಮಿಯ ಗುಡ್ಡಗಳಲ್ಲಿ ಶಿಲಾರೋಹಣ: ವಸಂತದ ರಜೆಗೆ ಹೊರಡುವವರು ತಿಳಿದಿರಬೇಕಾದದ್ದು

ಹಿಮ ಬೀಳುವ ನಾಡುಗಳಲ್ಲಿ ವಸಂತದ ರಜೆಯೆಂದರೆ ಸ್ಕೀಯಿಂಗ್. ಒಂದು ಬೆಟ್ಟದಲ್ಲಿ ಎರಡು ದಿನ, ಇನ್ನೊಂದರಲ್ಲಿ ಮೂರು ದಿನ ಎಂದು ಇಳಿಜಾರಿನಿಂದ ಇಳಿಜಾರಿಗೆ ಸಾಗುವುದು ಅಲ್ಲಿನ ವಾಡಿಕೆ. ನಮ್ಮ ದೇಶದಲ್ಲಿ ಆ ಭಾಗ್ಯ ಗುಲ್ಮಾರ್ಗ್, ಔಲಿಗಳಂತಹ ಕೆಲವೇ ತಾಣಗಳಿಗೆ ಸೀಮಿತವಾಗಿದೆ. ಕರ್ನಾಟಕದಲ್ಲಿ ಹಿಮವಿಲ್ಲ, ಆದರೆ ಗುಡ್ಡಗಳಿಗೆ ಬರವಿಲ್ಲ. ಜಾರುವುದಕ್ಕಿಂತ ಏರುವುದರಲ್ಲಿ ಸುಖ ಕಾಣುವವರಿಗೆ ಶಿವರಾತ್ರಿ ಮತ್ತು ಯುಗಾದಿಗಳ ನಡುವಿನ ಬಿಡುವಿನಲ್ಲಿ ಹೋಗಿ ಬರಲು ಬಾಗಲಕೋಟೆ ಜಿಲ್ಲೆಗಿಂತ ಉತ್ತಮ ಸ್ಥಳ ರಾಜ್ಯದಲ್ಲಿ ಮತ್ತೊಂದಿಲ್ಲ. ಬಾದಾಮಿಯನ್ನು ನೆಲೆಯಾಗಿಟ್ಟುಕೊಂಡರೆ ನಾಲ್ಕೈದು ದಿನಗಳಲ್ಲಿ ಮಹಾಕೂಟ, ಸಿಡಿಲಫಡಿ, ಐಹೊಳೆ, ಹುನಗುಂದ, ಇಳಕಲ್‌ಗಳವರೆಗೆ ಗುಡ್ಡದಿಂದ ಗುಡ್ಡಕ್ಕೆ ತಿರುಗಬಹುದು.

ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಈ ಗುಡ್ಡಗಳು ಕೇವಲ ಆಟದ ಬಯಲಲ್ಲ. ಹಗ್ಗ ಕಟ್ಟಿ ಏರುವ ಬಂಡೆ ಯಾವ ಜಾತಿಯದೋ ಅದೇ ಜಾತಿಯ ಬಂಡೆಯ ಮೇಲೆ ಚಾಲುಕ್ಯರು ಶಾಸನ ಕೊರೆಸಿದ್ದಾರೆ, ಅದೇ ಬಂಡೆಯ ಹೊಟ್ಟೆಯಲ್ಲಿ ಗುಹಾಲಯಗಳನ್ನು ಬಿಡಿಸಿದ್ದಾರೆ, ಅವರಿಗಿಂತ ಸಾವಿರಾರು ವರ್ಷ ಹಿಂದಿನವರು ಅದರ ಮೇಲೆ ಚಿತ್ರ ಬರೆದಿದ್ದಾರೆ. ಯಾವ ಕಲ್ಲನ್ನು ಹಿಡಿಯಬಹುದು, ಯಾವುದನ್ನು ಮುಟ್ಟಬಾರದು, ಎಷ್ಟು ಹೊತ್ತಿನವರೆಗೆ ಗೋಡೆಯ ಮೇಲಿರಬಹುದು ಎಂಬುದನ್ನು ಅರಿಯದೆ ಹೊರಟವರು ತಮಗೂ ಕೆಡುಕು ತಂದುಕೊಳ್ಳುತ್ತಾರೆ, ಗುಡ್ಡಕ್ಕೂ ತರುತ್ತಾರೆ.

ಕಲ್ಲಿನ ಗುಣ

ಭೂವಿಜ್ಞಾನಿಗಳು ಇಲ್ಲಿನ ಶಿಲೆಗಳನ್ನು ಕಲಾದಗಿ ಶ್ರೇಣಿ ಎಂದು ಕರೆಯುತ್ತಾರೆ. 1885ರವರೆಗೆ ಜಿಲ್ಲಾ ಕೇಂದ್ರವಾಗಿದ್ದು, ಬಳಿಕ ಆ ಸ್ಥಾನವನ್ನು ವಿಜಯಪುರಕ್ಕೆ ಬಿಟ್ಟುಕೊಟ್ಟು, ಈಗ ದಾಳಿಂಬೆಯಿಂದ ಹೆಸರಾಗಿರುವ ಕಲಾದಗಿಯೇ ಈ ಹೆಸರಿನ ಮೂಲ. ರಾಬರ್ಟ್ ಬ್ರೂಸ್ ಫೂಟ್ ಈ ಪ್ರದೇಶವನ್ನು ಅಳೆದು ನೋಡಿ 1876ರಲ್ಲಿ ಪ್ರಕಟಿಸಿದ ವರದಿಯಿಂದ ಇದರ ಅಧ್ಯಯನ ಗಟ್ಟಿಯಾಯಿತು. ಶ್ರೇಣಿಯಲ್ಲಿ ಎರಡು ಪಂಗಡಗಳಿವೆ. ಕೆಳಗಿನದು ಬಾಗಲಕೋಟೆ ಪಂಗಡ: ಬೆಣಚುಶಿಲೆ, ಸುಣ್ಣಕಲ್ಲುಗಳಿಂದ ಕೂಡಿದ್ದು, ಭೂಮಿಯ ಒತ್ತಡಕ್ಕೆ ಸಿಕ್ಕು ಮಡಿಚಿಕೊಂಡಿದೆ, ವಾಲಿಕೊಂಡಿದೆ. ಅದರ ಮೇಲೆ ಬಹುಕಾಲದ ನಂತರ ಹಾಸಿದಂತೆ ಕುಳಿತದ್ದು ಬಾದಾಮಿ ಪಂಗಡ. ಇದರ ಮರಳುಗಲ್ಲು ಹೆಚ್ಚುಕಡಿಮೆ ಸಮತಲವಾಗಿ ಉಳಿದಿದೆ. ಗುಹಾಲಯಗಳಿರುವ ಪದರಕ್ಕೆ ಭೂವಿಜ್ಞಾನದ ಗ್ರಂಥಗಳಲ್ಲಿ ಗುಹಾಲಯ ಮರಳುಶಿಲೆ ಎಂಬರ್ಥದ ಹೆಸರೇ ಇದೆ. ನೆಲದ ಮೇಲೆ ಪ್ರಾಣಿಗಳು ನಡೆದಾಡುವುದಕ್ಕೂ ಎಷ್ಟೋ ಕೋಟಿ ವರ್ಷ ಮೊದಲು ನೀರು ತಂದು ಸುರಿದ ಮರಳು ಇದು.

ಈ ಸಮತಲದ ಹಾಸುವಿಕೆಯೇ ಆರೋಹಿಗಳ ಪಾಲಿನ ಸಂಪತ್ತು. ಪದರ ಪದರವಾಗಿ ಕುಳಿತ ಕಲ್ಲಿನ ನಡುವೆ ಅಡ್ಡಡ್ಡಲಾಗಿ ಬೆರಳು ತೂರುವ ಅಂಚುಗಳು, ಬಟ್ಟಲಿನಂತಹ ಕುಳಿಗಳು ದೊರೆಯುತ್ತವೆ. ನೆಟ್ಟಗೆ ಸೀಳಿದ ಬಿರುಕುಗಳಿಂದಾಗಿ ದೊಡ್ಡ ದೊಡ್ಡ ಹೋಳುಗಳು ಕಳಚಿಬಿದ್ದು, ಉಳಿದ ಭಾಗ ಗೋಡೆಯಂತೆ ನಿಂತಿದೆ. ಅಲ್ಲಲ್ಲಿ ಮುಂದಕ್ಕೆ ಚಾಚಿ ಚಾವಣಿಯಾಗಿದೆ. ರಾಮನಗರ, ಸಾವನದುರ್ಗಗಳ ಗ್ರಾನೈಟ್ ಬಂಡೆಗಳಲ್ಲಿ ಪಳಗಿದ ಬೆಂಗಳೂರಿನವರು ಇಲ್ಲಿಗೆ ಬಂದಾಗ ಮೊದಲ ದಿನ ತಡವರಿಸುವುದುಂಟು. ಅಲ್ಲಿ ಬಂಡೆಯ ಮೈಮೇಲೆ ಪಾದದ ಹಿಡಿತವನ್ನೇ ನಂಬಿ ನಡೆಯಬೇಕು. ಇಲ್ಲಿ ತೋಳು, ಬೆರಳುಗಳಿಗೆ ಕೆಲಸ.

ಸಂಪತ್ತಿನ ಜೊತೆಗೆ ದೌರ್ಬಲ್ಯವೂ ಇದೆ. ಬಿಸಿಲು, ಗಾಳಿ, ಕಬ್ಬಿಣದ ಅಂಶಗಳಿಂದ ಮರಳುಗಲ್ಲಿನ ಹೊರಮೈ ಗಟ್ಟಿಗೊಂಡು ತೊಗಲಿನಂತಾಗಿರುತ್ತದೆ. ಆ ತೊಗಲು ಒಮ್ಮೆ ಸುಲಿದರೆ ಒಳಗಿನ ಕಲ್ಲು ಮೆದು, ಮರಳುಮರಳಾಗಿ ಉದುರುತ್ತದೆ. ಮರಳುಗಲ್ಲು ನೀರು ಕುಡಿಯುತ್ತದೆ ಎಂಬುದು ಎರಡನೆಯ ಮಾತು. ಒದ್ದೆಯಾದ ಮರಳುಗಲ್ಲಿನ ಬಲ ಒಣಗಿದ್ದಾಗ ಇರುವುದಕ್ಕಿಂತ ಗಣನೀಯವಾಗಿ ಕುಗ್ಗುತ್ತದೆ. ಆದ್ದರಿಂದ ಮಳೆಯಾದ ಮೇಲೆ ಒಂದೆರಡು ದಿನ ಗೋಡೆಯನ್ನು ಏರಬಾರದೆಂಬ ನಿಯಮವನ್ನು ಜಗತ್ತಿನ ಅನೇಕ ಮರಳುಗಲ್ಲಿನ ತಾಣಗಳಲ್ಲಿ ಪಾಲಿಸುತ್ತಾರೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ಯುಗಾದಿಯ ಹೊತ್ತಿಗೆ ಸುರಿಯುವ ಅಡ್ಡಮಳೆಯ ಮರುದಿನ ಏರಲು ಹೊರಟವರನ್ನು ತಡೆಯುವುದು ಕಷ್ಟ. ರಜೆ ಮುಗಿಯುತ್ತಿದೆ ಎಂಬ ಆತುರ ಅವರದು. ಆದರೆ ಆ ಆತುರದಲ್ಲಿ ಮುರಿದ ಅಂಚು ಮತ್ತೆ ಹುಟ್ಟುವುದಿಲ್ಲ. ಬೀಳುವವರ ಕೈಕಾಲಿನ ಮಾತು ಬೇರೆ.

ಏರುವವರ ಹಿಂದಿನವರು

ಬಾದಾಮಿಯ ಗುಡ್ಡ ಏರಲು ಕಷ್ಟವೆಂಬ ಕಾರಣಕ್ಕೇ ಅದು ರಾಜಧಾನಿಯಾಯಿತು. ಚಾಲುಕ್ಯ ಒಂದನೆಯ ಪುಲಕೇಶಿ ವಾತಾಪಿಯ ಬೆಟ್ಟವನ್ನು ದುರ್ಗಮವಾದ ಕೋಟೆಯಾಗಿ ಮಾಡಿದನೆಂದು ಶಕವರ್ಷ 465, ಅಂದರೆ ಕ್ರಿ.ಶ. 543ರ ಬಂಡೆ ಶಾಸನ ತಿಳಿಸುತ್ತದೆ. ಮಂಗಳೇಶ ಬಿಡಿಸಿದ ಮೂರನೆಯ ಗುಹಾಲಯಕ್ಕೆ ಕ್ರಿ.ಶ. 578ರ ಶಾಸನವಿದೆ. ಅಗಸ್ತ್ಯತೀರ್ಥದ ಬಳಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲೊಂದು. 1786ರಲ್ಲಿ ಮರಾಠರ ಮತ್ತು ನಿಜಾಮನ ಕೂಡುಪಡೆಗಳು ಟಿಪ್ಪೂ ಸುಲ್ತಾನನ ವಶದಲ್ಲಿದ್ದ ಈ ಕೋಟೆಯನ್ನು ಮುತ್ತಿ ಹಿಡಿದವು. ಆ ದಿನಗಳಲ್ಲಿ ಈ ಗೋಡೆಗಳನ್ನು ಏರಿದವರಿಗೆ ರಜೆಯ ಉಲ್ಲಾಸವೇನೂ ಇದ್ದಿರಲಾರದು.

ಕ್ರೀಡೆಯಾಗಿ ಶಿಲಾರೋಹಣ ಇಲ್ಲಿಗೆ ಬಂದದ್ದು ಬಹಳ ಈಚೆಗೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಬಾದಾಮಿಯಲ್ಲಿ ಶಿಲಾರೋಹಣದ ತರಬೇತಿ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಬೆಂಗಳೂರಿನ ಹವ್ಯಾಸಿಗಳು, ಯುರೋಪಿನಿಂದ ಬಂದ ಆರೋಹಿಗಳು ಗೋಡೆಗಳಲ್ಲಿ ಬೋಲ್ಟ್ ಕೂರಿಸಿ ಮಾರ್ಗಗಳನ್ನು ರೂಪಿಸುತ್ತ ಹೋದರು. ಇಂದು ಅಂತಹ ಮಾರ್ಗಗಳ ಸಂಖ್ಯೆ ನೂರನ್ನು ಮೀರಿದೆ. ಹಂಪಿಯ ಹೆಸರು ಹೊರದೇಶಗಳ ಆರೋಹಿಗಳಿಗೆ ಪರಿಚಯವಾದದ್ದು ಕ್ರಿಸ್ ಶರ್ಮಾ ಕಾಣಿಸಿಕೊಂಡ 2003ರ ಚಿತ್ರವೊಂದರಿಂದ. ಅಲ್ಲಿ ಹಗ್ಗವಿಲ್ಲದೆ, ಕೆಳಗೆ ಮೆತ್ತೆ ಹಾಸಿ ಗುಂಡುಕಲ್ಲುಗಳನ್ನು ಏರುವುದು ರೂಢಿ. ಬಾದಾಮಿಯದು ಹಗ್ಗದ ಆರೋಹಣ. ಫ್ರಾನ್ಸಿನ ಅಲೆಕ್ಸಾಂಡ್ರ್ ಶಾಬೊ ಇಲ್ಲಿ ರೂಪಿಸಿದ ‘ಗಣೇಶ’ ಎಂಬ ಮಾರ್ಗಕ್ಕೆ ಫ್ರೆಂಚ್ ಶ್ರೇಣೀಕರಣದಲ್ಲಿ 8ಬಿ+ ದರ್ಜೆಯಿದ್ದು, ಭಾರತದ ಕಠಿಣ ಮಾರ್ಗಗಳ ಸಾಲಿನಲ್ಲಿ ಅದನ್ನು ಹೆಸರಿಸುತ್ತಾರೆ. ಪುಣೆಯ ತುಹಿನ್ ಸಾತರ್‌ಕರ್ ಅದನ್ನು ಏರಿ ಹೆಸರು ಮಾಡಿದರು. ಹೊಸಬರು ಹೆದರಬೇಕಾಗಿಲ್ಲ, 5 ಮತ್ತು 6ನೆಯ ದರ್ಜೆಯ ಮಾರ್ಗಗಳೂ ಇಲ್ಲಿವೆ.

2018ರ ಏಷ್ಯನ್ ಕ್ರೀಡಾಕೂಟದಲ್ಲಿಯೂ, 2021ರಲ್ಲಿ ಜರುಗಿದ ಟೋಕಿಯೊ ಒಲಿಂಪಿಕ್ಸ್‌ನಲ್ಲಿಯೂ ಆರೋಹಣ ಪದಕದ ಸ್ಪರ್ಧೆಯಾದ ಮೇಲೆ ನಗರಗಳಲ್ಲಿ ಕೃತಕ ಗೋಡೆಗಳು ಹೆಚ್ಚಿವೆ. ಅವುಗಳಲ್ಲಿ ಆರು ತಿಂಗಳು ಅಭ್ಯಾಸ ಮಾಡಿ ನೇರವಾಗಿ ಬಾದಾಮಿಗೆ ಬರುವ ಯುವಕ ಯುವತಿಯರನ್ನು ಈಗ ಕಾಣಬಹುದು. ಇವರಿಗೆ ತೋಳಿನಲ್ಲಿ ಬಲವಿರುತ್ತದೆ. ಆದರೆ ಕೈಗೆ ಸಿಕ್ಕ ಹಿಡಿ ಕಿತ್ತು ಬರಬಹುದೆಂಬ ಕಲ್ಪನೆಯಿರುವುದಿಲ್ಲ. ಕಾರ್ಖಾನೆಯಲ್ಲಿ ಎರಕ ಹೊಯ್ದ ಹಿಡಿಗೂ ನಿಸರ್ಗ ಕೊಟ್ಟ ಹಿಡಿಗೂ ಇರುವ ಅಂತರವನ್ನು ಬಲ್ಲವರೊಬ್ಬರ ಜೊತೆಗೇ ಮೊದಲ ಸಲ ಬರುವುದು ಲೇಸು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರಿ ಮನೆಮಾತಾದ ಜ್ಯೋತಿರಾಜ್ ಅವರನ್ನು ಅನುಕರಿಸುವ ಹುಮ್ಮಸ್ಸನ್ನಂತೂ ಮನೆಯಲ್ಲಿಯೇ ಬಿಟ್ಟು ಬರಬೇಕು.

ಎಲ್ಲಿ ಏರಬಾರದು

ಬಾದಾಮಿಯ ಕೆರೆಯ ದಕ್ಷಿಣಕ್ಕೆ ನಾಲ್ಕು ಗುಹಾಲಯಗಳ ಗುಡ್ಡ. ಉತ್ತರಕ್ಕೆ ಮೇಲಣ ಶಿವಾಲಯ, ಕೆಳಗಣ ಶಿವಾಲಯ, ಮಾಲೆಗಿತ್ತಿ ಶಿವಾಲಯಗಳಿರುವ ಕೋಟೆ. ಪೂರ್ವದ ಅಂಚಿನಲ್ಲಿ ಭೂತನಾಥ ದೇಗುಲಗಳು. ಕೆರೆಯನ್ನು ಸುತ್ತುವರಿದ ಈ ಇಡೀ ಬಳಸು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಿಂದ ತುಂಬಿದೆ. 1958ರ ಸ್ಮಾರಕ ಸಂರಕ್ಷಣಾ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ವಲಯ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ, ಅದನ್ನು ವಿರೂಪಗೊಳಿಸಿದವರಿಗೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕಾನೂನಿನ ಮಾತು ಇಷ್ಟು. ಅದಕ್ಕಿಂತ ಮುಖ್ಯವಾದದ್ದು ವಿವೇಕ. ಆರೋಹಿಗಳು ಬೆವರು ಒರೆಸಿಕೊಳ್ಳಲು ಬಳಸುವ ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿಯ ಪುಡಿ ಕೆಂಗಲ್ಲಿನ ಮೇಲೆ ಬಹುದೂರದಿಂದಲೇ ಎದ್ದು ಕಾಣುತ್ತದೆ. ಮಳೆ ಬೀಳದ ಚಾವಣಿಯ ಕೆಳಗೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಸಂಜೆ ಇಳಿಯುವ ಮುನ್ನ ಬ್ರಷ್‌ನಿಂದ ಒರೆಸಿ ಬರುವುದು ಐದು ನಿಮಿಷದ ಕೆಲಸ. ಅದನ್ನು ಮಾಡುವವರು ವಿರಳ. ತಮ್ಮ ಹೆಸರನ್ನೂ ಪ್ರೇಯಸಿಯ ಹೆಸರನ್ನೂ ಬಂಡೆಯ ಮೇಲೆ ಗೀಚುವ ಪ್ರವಾಸಿಗರನ್ನು ದೂರುವ ಹಕ್ಕು ಒರೆಸಿ ಬಂದವರಿಗೆ ಮಾತ್ರ ಉಂಟು.

ಅಕ್ಷರ ಕಂಡ ಬಂಡೆ, ಉಬ್ಬುಶಿಲ್ಪವಿರುವ ಬಂಡೆ, ಕೆಮ್ಮಣ್ಣಿನ ಬಣ್ಣದ ಗೆರೆಗಳಿರುವ ಬಂಡೆ, ಈ ಮೂರನ್ನೂ ಬಿಟ್ಟುಬಿಡಬೇಕು. ಮೂರನೆಯದನ್ನು ಗುರುತಿಸಲು ಕಣ್ಣು ಪಳಗಿರಬೇಕು. ಬಾದಾಮಿಯಿಂದ ಸುಮಾರು 4 ಕಿ.ಮೀ. ಕಾಲ್ನಡಿಗೆಯ ದೂರದಲ್ಲಿರುವ ಸಿಡಿಲಫಡಿಯಲ್ಲಿ ಪ್ರಾಗಿತಿಹಾಸದ ವರ್ಣಚಿತ್ರಗಳಿವೆ. ಫಡಿಯೆಂದರೆ ಇಲ್ಲಿನವರ ಮಾತಿನಲ್ಲಿ ಮುಂಚಾಚಿದ ಬಂಡೆಯ ಆಸರೆ. ಸಿಡಿಲು ಬಡಿದು ಬಂಡೆ ತೂತಾಯಿತೆಂದು ಜನ ನಂಬಿದ್ದಾರೆ. ಕಮಾನಿನಂತೆ ನಿಂತ ಆ ಕಲ್ಲನ್ನು ಕಂಡೊಡನೆ ಯಾವ ಆರೋಹಿಗೂ ಕೈ ತುರಿಸುತ್ತದೆ. ಅಲ್ಲಿ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಅದು ನೋಡಲು ಹೋಗುವ ಗುಡ್ಡ, ಏರಲು ಹೋಗುವುದಲ್ಲ.

ಹೊಸ ಬೋಲ್ಟ್ ಕೊರೆಯುವ ವಿಚಾರದಲ್ಲಿಯೂ ಇದೇ ಕಟ್ಟುನಿಟ್ಟು ಬೇಕು. ಮೆದು ಕಲ್ಲಿನಲ್ಲಿ ಹಿಗ್ಗುವ ಬಗೆಯ ಗಿಡ್ಡ ಬೋಲ್ಟ್‌ಗಳಿಗಿಂತ ಅಂಟಿನಿಂದ ಕೂರಿಸಿದ ಉದ್ದನೆಯ, ತುಕ್ಕು ಹಿಡಿಯದ ಉಕ್ಕಿನ ಬೋಲ್ಟ್‌ಗಳು ಹೆಚ್ಚು ಬಾಳುತ್ತವೆ. ಯಾರು, ಯಾವಾಗ, ಯಾವ ಬಗೆಯದನ್ನು ಹಾಕಿದರೆಂದು ತಿಳಿಯದ ಹಳೆಯ ಬೋಲ್ಟ್‌ಗೆ ಜೀವವನ್ನು ಒಪ್ಪಿಸಬಾರದು. ಅಲುಗಾಡುವುದು, ಸುತ್ತಲಿನ ಕಲ್ಲು ಬಿರಿದಿರುವುದು, ತುಕ್ಕಿನ ನೀರಿನ ಕಲೆ ಇಳಿದಿರುವುದು ಕಂಡರೆ ಆ ಮಾರ್ಗವನ್ನು ತೊರೆದು ಬೇರೊಂದಕ್ಕೆ ಹೋಗುವುದೇ ಸರಿ. ರಜೆಗೆಂದು ಬಂದವರು ಡ್ರಿಲ್ ತರುವ ಅಗತ್ಯವಂತೂ ಇಲ್ಲ. ಇರುವ ಮಾರ್ಗಗಳೇ ಒಂದು ವಾರಕ್ಕೆ ಮುಗಿಯುವಂಥವಲ್ಲ.

ಬಿಸಿಲಿನ ಲೆಕ್ಕ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಇಲ್ಲಿ ಅತ್ಯುತ್ತಮ. ಮಾರ್ಚ್ ಮೊದಲ ಎರಡು ವಾರ ಸಹಿಸಬಹುದಾದದ್ದು. ಅನಂತರ ಕಾಯುವ ಕಲ್ಲಿನ ಪ್ರತಾಪವನ್ನು ಬೆಂಗಳೂರು, ಮೈಸೂರಿನವರು ಊಹಿಸಲಾರರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಈ ಜಿಲ್ಲೆಯಲ್ಲಿ ವಿಶೇಷವೇನಲ್ಲ. ಹಗಲೆಲ್ಲ ಬಿಸಿಲು ಹೀರಿದ ಗೋಡೆ ಸೂರ್ಯ ಮುಳುಗಿದ ಮೇಲೂ ಒಲೆಯ ಕಲ್ಲಿನಂತೆ ಸೆಕೆ ಉಗುಳುತ್ತದೆ. ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್‌ನಲ್ಲಿ. ಆದ್ದರಿಂದಲೇ ಮಕ್ಕಳ ಬೇಸಿಗೆ ಶಿಬಿರಗಳನ್ನು ಆಗ ಏರ್ಪಡಿಸುತ್ತಾರೆ. ಪಂಚಾಂಗದ ಅನುಕೂಲಕ್ಕೆ ಮಕ್ಕಳನ್ನು ಆ ಬಿಸಿಲಿಗೆ ಒಡ್ಡುವುದು ಸರಿಯೇ ಎಂದು ಪಾಲಕರು ಕೇಳಿಕೊಳ್ಳಬೇಕು. ಕಳುಹಿಸಲೇಬೇಕೆಂದಿದ್ದರೆ ದಿನದ ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆ, ನೆರಳು ಎಲ್ಲಿದೆ, ತಲಾ ಎಷ್ಟು ನೀರು ಒಯ್ಯುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯದೆ ಹಣ ಕಟ್ಟಬಾರದು.

ಪದ್ಧತಿ ಸರಳವಾದದ್ದು. ಬೆಳಗಿನ ಆರು ಗಂಟೆಗೆ ಗೋಡೆಯ ಬುಡದಲ್ಲಿರಬೇಕು. ಮುಂಜಾನೆ ಪಶ್ಚಿಮಕ್ಕೆ ಮುಖಮಾಡಿದ ಗೋಡೆ, ಸಂಜೆ ಪೂರ್ವಕ್ಕೆ ಮುಖಮಾಡಿದ್ದು. ಹತ್ತು ಗಂಟೆಗೆ ಹಗ್ಗ ಸುತ್ತಿಡಬೇಕು. ಬೆವರಿದ ಬೆರಳಿಗೆ ಮರಳುಗಲ್ಲು ನಿಲ್ಲುವುದಿಲ್ಲವಾದ್ದರಿಂದ ಹಟ ಹಿಡಿದರೂ ಪ್ರಯೋಜನವಿಲ್ಲ. ಮಾರ್ಗಗಳು ಬಹುತೇಕ ಒಂದೇ ಹಗ್ಗದ ಅಳತೆಯವು. 60ರಿಂದ 70 ಮೀಟರಿನ ಹಗ್ಗ, ಶಿರಸ್ತ್ರಾಣ, ಹಾರ್ನೆಸ್, ಬಿಲೇ ಸಾಧನ, ಒಂದು ಡಜನ್ ಕ್ವಿಕ್‌ಡ್ರಾಗಳಿದ್ದರೆ ಸಾಕು. ಕೆಳಗೆ ನಿಂತು ಹಗ್ಗ ಹಿಡಿಯುವವರೂ ಶಿರಸ್ತ್ರಾಣ ಧರಿಸಬೇಕು. ಇಲ್ಲಿ ಮೇಲಿನಿಂದ ಕಲ್ಲು ಉರುಳಿಸುವವರು ಮನುಷ್ಯರಷ್ಟೇ ಅಲ್ಲ, ಕೋತಿಗಳೂ ಹೌದು. ಬಾದಾಮಿಯ ಕೋತಿಗಳು ಚೀಲದ ಜಿಪ್ ಎಳೆಯುವುದನ್ನು ಎಂದೋ ಕಲಿತಿವೆ.

ಕೋತಿಗಿಂತ ಭಯಂಕರವಾದದ್ದು ಹೆಜ್ಜೇನು. ಎತ್ತರದ ಚಾವಣಿಗಳ ಅಡಿಯಲ್ಲಿ ಅವು ತಟ್ಟಿ ಕಟ್ಟುತ್ತವೆ. ಹೊಗೆ, ಸುಗಂಧದ್ರವ್ಯ, ಕೂಗಾಟಗಳಿಗೆ ಕೆರಳುತ್ತವೆ. ಹಗ್ಗದಲ್ಲಿ ನೇತಾಡುತ್ತಿರುವವನಿಗೆ ಓಡುವ ದಾರಿಯಿಲ್ಲ. ಏರುವ ಮುನ್ನ ಮಾರ್ಗದ ಎಡಬಲಗಳನ್ನು ದೃಷ್ಟಿಯಿಟ್ಟು ನೋಡಬೇಕು, ದನಕುರಿ ಮೇಯಿಸುವವರನ್ನು ವಿಚಾರಿಸಬೇಕು. ಯಾವ ಕೊಳ್ಳದಲ್ಲಿ ಈ ವರ್ಷ ಜೇನು ಕೂತಿದೆಯೆಂಬುದು ಅವರಿಗೆ ತಿಳಿದಿರುವಷ್ಟು ಯಾವ ಕೈಪಿಡಿಯಲ್ಲಿಯೂ ಸಿಗದು. ಅಪಘಾತವಾದರೆ 108ಕ್ಕೆ ಕರೆ ಮಾಡಬೇಕು. ಬಾದಾಮಿಯಲ್ಲಿ ತಾಲ್ಲೂಕು ಆಸ್ಪತ್ರೆಯಿದ್ದು, ಹೆಚ್ಚಿನ ಚಿಕಿತ್ಸೆಗೆ ಸುಮಾರು 35 ಕಿ.ಮೀ. ದೂರದ ಬಾಗಲಕೋಟೆಗೆ ಹೋಗಬೇಕಾಗುತ್ತದೆ.

ಉಳಿದ ಗುಡ್ಡಗಳು

ಬೆರಳುಗಳ ತೊಗಲು ಎರಡು ದಿನಕ್ಕೆ ಸವೆಯುತ್ತದೆ. ಮೂರನೆಯ ದಿನ ನಡಿಗೆಗೆ ಮೀಸಲಿಡುವುದು ಅನುಭವಿಗಳ ಕ್ರಮ. ಬಾದಾಮಿಯಿಂದ ಗುಡ್ಡ ಹತ್ತಿ ಇಳಿದು ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿಯಿದೆ. ರಸ್ತೆಯಲ್ಲಿ ಹೋದರೆ ಸುತ್ತು. ಅಲ್ಲಿನ ಪುಷ್ಕರಿಣಿಯ ತಣ್ಣೀರಿಗೆ ಇಳಿಯುವ ಸುಖವನ್ನು ಬಿಸಿಲಲ್ಲಿ ನಡೆದು ಬಂದವರೇ ಬಲ್ಲರು. ಭಕ್ತರು ಮೀಯುವ ತೀರ್ಥವೆಂಬುದನ್ನು ಮರೆಯದೆ, ಸೋಪು, ಶಾಂಪೂಗಳನ್ನು ಚೀಲದಿಂದ ಹೊರತೆಗೆಯದಿದ್ದರೆ ಯಾರದೂ ಆಕ್ಷೇಪವಿಲ್ಲ. ಪಟ್ಟದಕಲ್ಲಿನ ಹಾದಿಯಲ್ಲಿ ಹುಲಿಗೆಮ್ಮನ ಕೊಳ್ಳವಿದೆ. ಕೊಳ್ಳವೆಂದರೆ ಗುಡ್ಡಗಳ ನಡುವಣ ಕಮರಿ; ಬಹುತೇಕ ಎಲ್ಲ ಕೊಳ್ಳಗಳಲ್ಲಿಯೂ ದೇವರ ನೆಲೆಯಿರುವುದರಿಂದ ಅಲ್ಲಿ ಹಗ್ಗ ಬಿಡುವ ಯೋಚನೆ ಬೇಡ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿಗೆ ಬಾದಾಮಿಯಿಂದ 22 ಕಿ.ಮೀ. ಅದರ ಉತ್ತರದ ಗುಡ್ಡದಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಯಿದ್ದು, ಬಂಡೆಗಳ ಮೇಲೆ ಕಲ್ಲುಕುಟಿಗರ ಹೆಸರುಗಳಿವೆ. ಮರಳುಗಲ್ಲಿನ ಗುಣವನ್ನು ನಮಗಿಂತ ಚೆನ್ನಾಗಿ ತಿಳಿದಿದ್ದವರ ಕೈಬರಹ ಅದು.

ಐಹೊಳೆಯ ಮೇಗುತಿ ಗುಡ್ಡಕ್ಕೆ ಮೆಟ್ಟಿಲುಗಳೇ ಇವೆ. ನೆತ್ತಿಯ ಜೈನ ಬಸದಿಯಲ್ಲಿರುವ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇಮ್ಮಡಿ ಪುಲಕೇಶಿಯನ್ನು ಕುರಿತದ್ದು; ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿ ಬರುತ್ತದೆ. ಬಸದಿಯ ಹಿಂದೆ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಗೋರಿಯ ಹಾಸುಗಲ್ಲಿನ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವವರನ್ನು ಕಾಣುವಾಗ ಬೇಸರವಾಗುತ್ತದೆ.

ಐಹೊಳೆಯಿಂದ ಪೂರ್ವಕ್ಕೆ, ಅಮೀನಗಡದ ಮೂಲಕ ಹುನಗುಂದದತ್ತ ಹೊರಟರೆ ನೆಲದ ಮೈ ಬದಲಾಗುತ್ತದೆ. ಕೆಂಪು ಗೋಡೆಗಳು ಹಿಂದೆ ಸರಿದು, ಕಪ್ಪುಮಣ್ಣಿನ ಬಯಲಿನ ನಡುವೆ ದುಂಡನೆಯ ಗುಡ್ಡಗಳು ಕಾಣತೊಡಗುತ್ತವೆ. ಹುನಗುಂದದಿಂದ ಹದಿನೈದು ಕಿ.ಮೀ.ಗೂ ಕಡಿಮೆ ದೂರದ ಇಳಕಲ್‌ನ ಕೆಂಪುಛಾಯೆಯ ಗ್ರಾನೈಟ್ ಹೊರದೇಶಗಳಿಗೆ ರಫ್ತಾಗುವ ಕಲ್ಲು. ಮರಳುಗಲ್ಲಿಗಿಂತ ಬಹಳ ಹಳೆಯದು, ಬಹಳ ಗಟ್ಟಿಯಾದದ್ದು. ಮಳೆ ಬಂದರೆ ಜಾರುತ್ತದೆಯೇ ಹೊರತು ಬಲ ಕಳೆದುಕೊಳ್ಳುವುದಿಲ್ಲ. ಗುಂಡುಕಲ್ಲುಗಳ ಮೇಲೆ ಕಾಲಿನ ಹಿಡಿತ ಅಭ್ಯಾಸ ಮಾಡಲು ಇದು ತಕ್ಕದ್ದು. ಆದರೆ ಭೂಮಿ ಯಾರದೆಂದು ಕೇಳಿ ಅನುಮತಿ ಪಡೆದೇ ಮುಂದುವರಿಯಬೇಕು. ಪಾಳುಬಿದ್ದ ಕಲ್ಲುಗಣಿಗಳ ಗೋಡೆಗಳು ನೋಡಲು ನುಣುಪಾಗಿ, ಎತ್ತರವಾಗಿ ಆಸೆ ಹುಟ್ಟಿಸುತ್ತವೆ. ಸಿಡಿಮದ್ದಿನಿಂದ ಒಳಗೊಳಗೇ ಬಿರಿದಿರುವ ಆ ಕಲ್ಲು ಯಾವ ಗಳಿಗೆಯಲ್ಲಿ ಕಳಚುವುದೋ ಹೇಳಲಾಗದು. ಬುಡದಲ್ಲಿ ನಿಂತ ನೀರಿನ ಆಳವೂ ಗೊತ್ತಾಗದು. ಅವುಗಳ ಹತ್ತಿರ ಸುಳಿಯಬಾರದು.

ಇಳಕಲ್‌ಗೆ ಹೋದವರು ಮಗ್ಗದ ಮನೆಯೊಂದಕ್ಕೆ ಹೋಗದೆ ಬರುವುದುಂಟೇ? ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವ ಕೊಂಡಿ ಪದ್ಧತಿಯನ್ನು ಕಣ್ಣಾರೆ ನೋಡಬೇಕು. ಹಗ್ಗದ ಗಂಟು ಹಾಕುವುದರಲ್ಲಿ ತಾವು ನಿಪುಣರೆಂದುಕೊಂಡವರ ಬೆರಳುಗಳು ನಾಚುತ್ತವೆ. ಜೊತೆಗಿನ ಖಣ ಬೇಕೆಂದರೆ ಬಾದಾಮಿಯ ನೆರೆಯ ಗುಳೇದಗುಡ್ಡಕ್ಕೆ ಹೋಗಬೇಕು.

ಪ್ರಯಾಣ, ಊಟ, ವಸತಿ

ಗದಗ–ವಿಜಯಪುರ ರೈಲುಮಾರ್ಗದಲ್ಲಿ ಬಾದಾಮಿ, ಬಾಗಲಕೋಟೆ ಎರಡೂ ನಿಲ್ದಾಣಗಳಿವೆ. ಮೈಸೂರು, ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರವಿದ್ದು ಆಟೋ, ಟಾಂಗಾ, ಟಂಟಂಗಳನ್ನು ನೆಚ್ಚಬೇಕು. ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿ ಹತ್ತಿರ. ಇಳಕಲ್ ಮತ್ತು ಹುನಗುಂದ ರಾಷ್ಟ್ರೀಯ ಹೆದ್ದಾರಿ 50ರ ಮೇಲಿವೆ; ಹಳಬರು ಇದನ್ನು 13ನೆಯ ಹೆದ್ದಾರಿಯೆಂದೇ ನೆನೆಯುತ್ತಾರೆ. ಬಾದಾಮಿಯಲ್ಲಿ ಎಲ್ಲ ದರದ ವಸತಿಗೃಹಗಳಿವೆ. ಪುಷ್ಯಮಾಸದ ಬನಶಂಕರಿ ಜಾತ್ರೆಯ ದಿನಗಳಲ್ಲಿ ಮಾತ್ರ ಕೋಣೆ ಸಿಗುವುದು ದುರ್ಲಭ. ವಸಂತದಲ್ಲಿ ಆ ತೊಂದರೆಯಿಲ್ಲ.

ಊಟಕ್ಕೆ ಬನಶಂಕರಿಯ ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂರುವ ತಾಯಂದಿರಿದ್ದಾರೆ. ಜೋಳದ ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಸುಕಿನಲ್ಲಿ ಹೊರಡುವವರು ಹಿಂದಿನ ದಿನವೇ ಖಡಕ್ ರೊಟ್ಟಿ ಕಟ್ಟಿಸಿಕೊಳ್ಳಬಹುದು, ಕೆಡುವುದಿಲ್ಲ. ಗೋಡೆಯ ಬುಡದಲ್ಲಿ ತಿನ್ನಲು ನಗರದಿಂದ ದುಬಾರಿ ಶಕ್ತಿಬಾರ್‌ಗಳನ್ನು ಹೊತ್ತು ತರುವವರು ಅಮೀನಗಡದಲ್ಲಿ ವಾಹನ ನಿಲ್ಲಿಸಲಿ. ಬೆಲ್ಲ, ಅಂಟು, ಒಣಕೊಬ್ಬರಿ, ಒಣಹಣ್ಣುಗಳಿಂದ ಮಾಡಿದ ಅಲ್ಲಿನ ಕರದಂಟು ಅದೇ ಕೆಲಸವನ್ನು ಇನ್ನೂ ರುಚಿಯಾಗಿ ಮಾಡುತ್ತದೆ. ಕೋತಿಗಳಿಗೂ ಅದು ಅಚ್ಚುಮೆಚ್ಚು. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.